ಫಾರ್ಮಿನೊಳಗಿನ ಮಕ್ಕಳು

ಶಾಲೆಯಲ್ಲಿ ಕೆಲಸ ಹಂಚುವಾಗ ಯಾರಿಗೆ ಏನು ಬರುತ್ತದೆ ಎಂದು ಯಾರೂ ನೋಡುವುದಿಲ್ಲ. ಹತ್ತಿರ ಯಾರು ನಿಂತಿದ್ದಾರೆ ಎಂದು ನೋಡುತ್ತಾರೆ. ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುವ ನನ್ನ ಪಾಲಿಗೆ ಹೀಗೆ ಬಂದದ್ದರಲ್ಲಿ ತೀರಾ ಇತ್ತೀಚಿನದು ಆನ್‌ಲೈನ್ ಪ್ರವೇಶದ ಫಾರ್ಮ್.

ಅದನ್ನು ಬರೆಯುತ್ತಿದ್ದವಳು ನನ್ನ ಹೆಂಡತಿ, ಅದೇ ಶಾಲೆಯ ಕಂಪ್ಯೂಟರ್ ಟೀಚರ್. ಒಂದು ಬುಧವಾರ ಬಲ್ಮಠದಲ್ಲಿ ಬಸ್ಸಿಳಿದು ಗೇಟಿನವರೆಗೆ ನಡೆಯುವಾಗ, ಫಾರ್ಮ್ ಇನ್ನೂ ಸ್ವಲ್ಪ ಹಠ ಮಾಡುತ್ತದೆ, ಸಂಜೆ ನೋಡುತ್ತೇನೆ ಎಂದಳು. ಮೂರನೇ ಪೀರಿಯಡ್‌ನಲ್ಲಿ ಅವಳ ಹೃದಯ ನಿಂತಿತು.

ಎರಡು ತಿಂಗಳ ನಂತರ ಮುಖ್ಯೋಪಾಧ್ಯಾಯಿನಿ ಸ್ಟಾಫ್ ರೂಮಿನಲ್ಲಿ, ಆ ಫಾರ್ಮ್ ಯಾರಿಗಾದರೂ ಗೊತ್ತುಂಟಾ ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಡಾಕ್ಟರ ಗಂಡನಿಗೆ ಆಪರೇಷನ್ ಮಾಡಲು ಹೇಳಿದ ಹಾಗಾಯ್ತು ಎಂದರು ಪಿ.ಟಿ. ಮಾಸ್ಟ್ರು.

"ಹದಿನೈದು ದಿನದಲ್ಲಿ ಸರಿಯಾಗದಿದ್ದರೆ ಇದನ್ನು ತೆಗೆದು ರೆಡಿಮೇಡ್ ಒಂದು ತರಿಸುವ ಮಾಸ್ಟ್ರೆ. ನೀವು ತಲೆಬಿಸಿ ಮಾಡಬೇಡಿ," ಎಂದರು ಮುಖ್ಯೋಪಾಧ್ಯಾಯಿನಿ.

ಸರಿಯಾಗುತ್ತದೆ ಎಂದೆ. ಅವಳ ಕೈಯ ಕೆಲಸವಾಗಿ ಶಾಲೆಯಲ್ಲಿ ಉಳಿದದ್ದು ಅದೊಂದೇ.

ಫಾರ್ಮಿನ ರಚನೆ ಸರಳ. ಪಾಲಕರದ್ದು ಒಂದು ದೊಡ್ಡ ಫಾರ್ಮ್. ಅದರ ಹೊಟ್ಟೆಯೊಳಗೆ ಪ್ರತಿ ಮಗುವಿಗೂ ಒಂದು ಸಣ್ಣ ಫಾರ್ಮ್. ಒಮ್ಮೆ ಗುಂಡಿ ಒತ್ತಿದರೆ ಎಲ್ಲವೂ ಒಟ್ಟಿಗೆ ಉಳಿಯಬೇಕು. ಉತ್ತರಪತ್ರಿಕೆ ತಿದ್ದಿದ ಅನುಭವದಿಂದ ನನಗೆ ಎರಡು ವಿಷಯ ಗೊತ್ತಿತ್ತು: ಮೊದಲು ರಫ್ ಹಾಳೆಯಲ್ಲಿ ಮಾಡಬೇಕು, ಎಲ್ಲ ತಪ್ಪಾಗಿ ಕಂಡಾಗ ಮೊದಲು ತಪ್ಪಿದ ಸಾಲನ್ನು ಹುಡುಕಬೇಕು. ಹಾಗಾಗಿ ಅಸಲನ್ನು ಮುಟ್ಟದೆ ದಾಖಲೆಗಳಿಲ್ಲದ ಒಂದು ನಕಲು ಮಾಡಿಕೊಂಡು, ಕೈಪಿಡಿ ಪಕ್ಕದಲ್ಲಿಟ್ಟು ಕೂತೆ.

೧. ಗಲಾಟೆ ಇಲ್ಲದ ತರಗತಿ

ಫಾರ್ಮ್ ತೆರೆದರೆ ಮೂರು ಮಕ್ಕಳಿಗೆ ಮೂರು ಖಾಲಿ ಸಾಲು ಬರುತ್ತಿತ್ತು. ಆಫೀಸಿನ ಕ್ಲರ್ಕ್ ಮೇಡಂ ಪ್ರಯೋಗಕ್ಕೆಂದು ಹತ್ತು ಮನೆಗಳಿಗೆ ಒಂದೊಂದು ಮಗುವನ್ನು ತುಂಬಿಸಿ ಪಟ್ಟಿ ಪ್ರಿಂಟ್ ತೆಗೆದರು. ಹತ್ತು ಮಕ್ಕಳಿರಬೇಕಾದಲ್ಲಿ ಮೂವತ್ತು; ಅದರಲ್ಲಿ ಇಪ್ಪತ್ತಕ್ಕೆ ಹೆಸರೇ ಇಲ್ಲ. ಖಾಲಿ ಸಾಲುಗಳನ್ನೂ ಯಂತ್ರ ಮಕ್ಕಳೆಂದೇ ಸೇರಿಸಿಕೊಂಡಿತ್ತು.

ಮೇಡಂ ಬಹಳ ಕ್ರಮದವರು. ಹೆಸರಿಲ್ಲದವರನ್ನು ಎ ಸೆಕ್ಷನ್‌ಗೆ ಹಾಕುವುದಾ ಬಿ ಸೆಕ್ಷನ್‌ಗಾ ಎಂದು ಕೇಳಿದರು.

ಖಾಲಿ ಇದ್ದರೆ ಬಿಟ್ಟುಬಿಡು ಎಂದು ಯಂತ್ರಕ್ಕೆ ಬಾಯಿಬಿಟ್ಟು ಹೇಳಬೇಕು, ಅದು ತಾನಾಗಿ ಊಹಿಸುವುದಿಲ್ಲ. ಒಂದು ಸಾಲು ಸೇರಿಸಿದೆ; ಇಪ್ಪತ್ತು ಮಂದಿಯೂ ಮಾಯವಾದರು. ಪಿ.ಟಿ. ಮಾಸ್ಟ್ರಿಗೆ ಮಾತ್ರ ಬೇಸರವಾಯಿತು.

"ಅವರನ್ನು ಯಾಕೆ ತೆಗೆದಿರಿ ಮಾರಾಯ್ರೆ? ನನ್ನ ಸರ್ವಿಸಿನಲ್ಲಿ ಗಲಾಟೆ ಮಾಡದ ಮಕ್ಕಳು ಸಿಕ್ಕಿದ್ದು ಇದೇ ಮೊದಲು."

೨. ಎದುರಿಗೇ ಕೂತ ಪಾಲಕ

ಆ ಉತ್ಸಾಹದಲ್ಲಿ ನಾನೇ ಒಂದು ನಿಯಮ ಸೇರಿಸಿದೆ: ಪಾಲಕರಿಲ್ಲದ ಮಗು ಉಳಿಯಕೂಡದು. ಪ್ರಯೋಗಕ್ಕೆ ನಿಜವಾದ ಪಾಲಕರೊಬ್ಬರನ್ನು ಕರೆಸಿದೆ. ಅವರು ಕೊಟ್ಟಾರದಲ್ಲಿ ಹೋಟೆಲ್ ಇಟ್ಟವರು, ಅವಿವಾಹಿತರು. ಅವರ ಸಮುದಾಯದಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಸೋದರಮಾವನ ಮಾತೇ ಕಡೆಯ ಮಾತು. ಹಾಗಾಗಿ ತಂಗಿಯ ಇಬ್ಬರು ಮಕ್ಕಳಿಗೆ ಪಾಲಕರಾಗಿ ಇವರೇ ಬಂದಿದ್ದರು.

ಎಲ್ಲ ತುಂಬಿಸಿ ಗುಂಡಿ ಒತ್ತಿದರು. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ಪಾಲಕರು ಇರಲೇಬೇಕು. ಮತ್ತೆ ಒತ್ತಿದರು. ಮತ್ತೆ ಅದೇ. ಅವರು ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡರು.

"ಇದಕ್ಕೆ ಸ್ವಲ್ಪ ಹೇಳಿ ಮಾಸ್ಟ್ರೆ. ನಾನು ಅರ್ಧ ಗಂಟೆಯಿಂದ ಇಲ್ಲೇ ಕೂತಿದ್ದೇನೆ."

ತಪ್ಪು ನನ್ನದೇ. ಪಾಲಕರ ದಾಖಲೆ ಉಳಿಯುವ ಮೊದಲೇ ಮಗು ತನ್ನ ಪಾಲಕರನ್ನು ಹುಡುಕುತ್ತಿತ್ತು. ಇನ್ನೂ ಉಳಿಯದ ಪಾಲಕರು ಅದಕ್ಕೆ ಸಿಗುತ್ತಿರಲಿಲ್ಲ. ಇವರು ನಿನ್ನ ಮಕ್ಕಳು ಎಂದು ಪಾಲಕರಿಗೆ ಹೇಳಿಕೊಟ್ಟಿತ್ತು, ಇವರು ನಿನ್ನ ಪಾಲಕರು ಎಂದು ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಅದನ್ನೂ ಹೇಳಿಕೊಡುವ ಒಂದು ಸಾಲು ಸೇರಿಸಿದೆ, ಇಬ್ಬರೂ ಉಳಿದರು. ಆದದ್ದನ್ನು ವಿವರಿಸಿದೆ. ಅವರು ಶ್ರದ್ಧೆಯಿಂದ ಕೇಳಿದರು.

"ಅಂದರೆ ಅವರು ಯಾರು ಅಂತ ನನಗೆ ಗೊತ್ತುಂಟು, ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ಅದು ಕಂಪ್ಯೂಟರಿನ ದೋಷ ಅಲ್ಲ ಮಾಸ್ಟ್ರೆ. ಈಗಿನ ಮಕ್ಕಳೇ ಹಾಗೆ."

೩. ಎರಡು, ನಾಲ್ಕು, ಎಂಟು

ಮರುದಿನ ಅವರದ್ದೇ ಫೋನ್. ದನಿ ತಗ್ಗಿಸಿ ಮಾತಾಡುತ್ತಿದ್ದರು, ಹೋಟೆಲಿನಲ್ಲಿ ಗಿರಾಕಿಗಳಿದ್ದರು. ಮೊಬೈಲ್ ನಂಬರ್ ತಪ್ಪಿತ್ತೆಂದು ತಿದ್ದಿದರಂತೆ, ಮಕ್ಕಳು ನಾಲ್ವರಾದರು. ಗಾಬರಿಯಲ್ಲಿ ಪಿನ್‌ಕೋಡ್ ತಿದ್ದಿದರಂತೆ.

"ಈಗ ಎಂಟು ಮಂದಿ ಇದ್ದಾರೆ ಮಾಸ್ಟ್ರೆ. ನಾನು ಮದುವೆಯೇ ಆದವನಲ್ಲ."

ಇನ್ನೊಮ್ಮೆ ತಿದ್ದಿದರೆ ಹದಿನಾರು, ದಯವಿಟ್ಟು ಏನನ್ನೂ ಮುಟ್ಟಬೇಡಿ ಎಂದೆ. ಪ್ರತಿ ಮಗುವಿಗೂ ಯಂತ್ರ ಒಂದು ಕ್ರಮಸಂಖ್ಯೆ ಕೊಡುತ್ತದೆ; ಒಮ್ಮೆ ಕೊಟ್ಟದ್ದನ್ನು ಮತ್ತೆ ಇನ್ನೊಬ್ಬರಿಗೆ ಕೊಡುವುದಿಲ್ಲ. ತಿದ್ದುಪಡಿಗೆ ಬಂದ ಮಕ್ಕಳಿಗೆ ಆ ಸಂಖ್ಯೆಯನ್ನು ಜೊತೆಗೆ ತರಲು ಅನುಮತಿ ಇರಲಿಲ್ಲ, ಯಂತ್ರ ಅದನ್ನು ಬಾಗಿಲಲ್ಲೇ ಕಿತ್ತುಕೊಳ್ಳುತ್ತಿತ್ತು. ಸಂಖ್ಯೆ ಇಲ್ಲದೆ ಒಳಗೆ ಬಂದವರನ್ನು ಯಂತ್ರ ಹೊಸಬರೆಂದು ಮತ್ತೆ ಸೇರಿಸಿಕೊಳ್ಳುತ್ತಿತ್ತು. ಏನೇನು ಒಳಗೆ ಬರಬಹುದು ಎಂಬ ಅನುಮತಿಯ ಪಟ್ಟಿಯಲ್ಲಿ ಒಂದು ಪದ ಸೇರಿಸಿದೆ, ಮಕ್ಕಳು ಹೆಚ್ಚುವುದು ನಿಂತಿತು.

ವಿಷಯ ತಂಗಿಗೆ ತಿಳಿಸಿದ್ದೀರಾ ಎಂದು ಕೇಳಿದೆ. ತಿಳಿಸಿದ್ದರಂತೆ. ಇಬ್ಬರನ್ನು ಬೆಳಗ್ಗೆ ಎಬ್ಬಿಸುವುದರಲ್ಲೇ ನನಗೆ ಸಾಕಾಗಿದೆ, ಉಳಿದ ಆರು ಮಂದಿಯನ್ನು ನೀನೇ ಎಬ್ಬಿಸು ಎಂದಳಂತೆ.

೪. ಜನನ ಪ್ರಮಾಣಪತ್ರ

ಹದಿನೈದನೇ ದಿನ ಶನಿವಾರ. ತಿದ್ದಿದ್ದನ್ನೆಲ್ಲ ಅಸಲಿಗೆ ಸೇರಿಸಿದೆ. ಕ್ಲರ್ಕ್ ಮೇಡಂ ಮೊದಲ ಬಾರಿಗೆ ಅಸಲನ್ನು ತೆರೆದರು. ಹತ್ತು ನಿಮಿಷದಲ್ಲಿ ಒಂದು ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದರು.

"ಮಾಸ್ಟ್ರೆ, ನಿಮ್ಮ ಮೂವರು ಮಕ್ಕಳ ಜನನ ಪ್ರಮಾಣಪತ್ರ ಬಂದಿಲ್ಲ."

ನಮಗೆ ಮಕ್ಕಳಿಲ್ಲ. ಹಾಳೆ ತೆಗೆದುಕೊಂಡು ನೋಡಿದೆ. ಪಾಲಕರು: ನನ್ನ ಹೆಸರು, ನಮ್ಮ ಮನೆಯ ವಿಳಾಸ. ಮಕ್ಕಳು, ಒಂದನೇ ತರಗತಿ: ಕ್ರಮಸಂಖ್ಯೆ ಒಂದು, ಹರಿವೆ. ಎರಡು, ಬಸಳೆ. ಮೂರು, ತೊಂಡೆ. ಅವಳು ಪ್ರಯೋಗಕ್ಕೆ ತುಂಬಿಸಿದ ಮನೆ ನಮ್ಮದೇ. ಕೊನೆಯಲ್ಲಿ ವಿಶೇಷ ಸೂಚನೆ ಎಂಬ ಅಂಕಣ. ಹರಿವೆ: ಬೇಗ ಬಾಡುತ್ತಾನೆ. ಬಸಳೆ: ಆಸರೆ ಬೇಕು. ತೊಂಡೆ: ಬೇಲಿ ಹತ್ತುತ್ತಾಳೆ.

ಬೇಲಿ ಹತ್ತುವವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕಾ ಎಂದು ಮೇಡಂ ಗಂಭೀರವಾಗಿ ಕೇಳಿದರು. ಬೇಡ, ಅವಳನ್ನು ಹೈಜಂಪ್‌ಗೆ ಕೊಡಿ ಎಂದರು ಪಿ.ಟಿ. ಮಾಸ್ಟ್ರು. ಇಡೀ ಸ್ಟಾಫ್ ರೂಮು ನಕ್ಕಿತು. ನಾನೂ ನಕ್ಕೆ, ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು.

ಮುಖ್ಯೋಪಾಧ್ಯಾಯಿನಿ ಫಾರ್ಮನ್ನು ನಕಲಿನಲ್ಲಿ ತಾವೇ ಎರಡು ಸಲ ಪರೀಕ್ಷಿಸಿ, ರೆಡಿಮೇಡ್ ಬೇಡ, ಇದೇ ಇರಲಿ ಎಂದರು. ಪ್ರವೇಶ ಶುರುವಾಗುವ ಸೋಮವಾರದೊಳಗೆ ಈ ತರಕಾರಿಗಳನ್ನು ಮಾತ್ರ ತೆಗೆಯಬೇಕಿತ್ತು. ಅಳಿಸು ಎಂಬ ಚೌಕಗಳಿಗೆ ಮೂರು ಗುರುತು ಹಾಕಿ ಒತ್ತಿದೆ. ಮೂವರೂ ವಾಪಸು ಬಂದರು. ಮತ್ತೆ ಒತ್ತಿದೆ. ಮತ್ತೆ ಬಂದರು. ಅಳಿಸುವ ಗುರುತಿಗೂ ಅನುಮತಿಯ ಪಟ್ಟಿಯಲ್ಲಿ ಜಾಗ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿ ನನ್ನ ಮುಖ ನೋಡಿದರು. "ಇರಲಿ ಬಿಡಿ ಮಾಸ್ಟ್ರೆ. ಒಂದು ಮೂಲೆಯಲ್ಲಿ ಇರ್ತಾರೆ."

ಇಲ್ಲದ ಮಕ್ಕಳಿರುವ ಪಟ್ಟಿ ತಪ್ಪು ಪಟ್ಟಿ ಎಂದೆ. ಬಿಟ್ಟುಹೋದ ಪದವನ್ನು ಸೇರಿಸಿ, ಮೂರು ಗುರುತು ಹಾಕಿ ಒತ್ತಿದೆ. ಈ ಸಲ ಹೋದರು.

ಸೋಮವಾರ ಒಂಬತ್ತು ಗಂಟೆಗೆ ಮೊದಲು ಸೇರಿದ್ದು ಕೂಳೂರಿನ ಬಟ್ಟೆ ಅಂಗಡಿಯವರ ಮಗಳು. ಅವಳ ಕ್ರಮಸಂಖ್ಯೆ ನಾಲ್ಕು.