ಮ್ಯೂಸಿಯಮ್ಮಿನ ಆರಾಮಕುರ್ಚಿ

"ಇವತ್ತು ನಾನು ಮಧ್ಯಾಹ್ನ ಮಲಗುವುದಿಲ್ಲ!"

ಮೇಜು ಗುದ್ದಿ ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಪಿಯೆದಾದ್ ಬಂದು ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

"ನೀನು? ಮಲಗೋದಿಲ್ವಾ? ನಮ್ಮ ಮದುವೆ ದಿನ ಚರ್ಚಿಗೆ ತಡವಾಗಿ ಬಂದು, ಕೆನ್ನೆ ಮೇಲೆ ದಿಂಬಿನ ಗೆರೆ ಇಟ್ಕೊಂಡೇ ಉಂಗುರ ತೊಡಿಸಿದವನು ನೀನು!"

ನೋಡಿ, ನಾನು ಕಾಯೆಟಾನ್, ಗೋವಾದ ಕುಡ್ತರಿಯವನು. ನಮ್ಮಲ್ಲಿ ಒಂದು ಗಂಟೆಗೆ ಮೀನುಸಾರು ಅನ್ನ ಉಂಡರೆ ಮುಗಿಯಿತು, ನಾಲ್ಕರವರೆಗೆ ಅಂಗಡಿ ಬಾಗಿಲು ಹಾಕಿರುತ್ತದೆ, ನಾಯಿ ಬೊಗಳುವುದಿಲ್ಲ, ಕಳ್ಳರೂ ಆ ಹೊತ್ತಿಗೆ ಕದಿಯಲು ಬರುವುದಿಲ್ಲ. ಇಂಥ ಘನ ಪರಂಪರೆಯನ್ನು ನಾನೇಕೆ ಮುರಿಯಲು ಹೊರಟೆ? ಮಗಳಿಗಾಗಿ!

ನನ್ನ ಮಗಳು ಲವೀನಾ ಮಡಗಾಂವಿನ ಪ್ರೊಫೆಸರ್ ಬೆಲಾರ್ಮಿನೊ ಅವರ ಮಗನನ್ನು ಮೆಚ್ಚಿದ್ದಳು. ಹುಡುಗ ಹಡಗಿನಲ್ಲಿ ಕೆಲಸದವನು, ಅಪ್ಪಟ ಚಿನ್ನ. ಅಪ್ಪ ಮಾತ್ರ ಕಬ್ಬಿಣ! "ಗೋವಾ ಕೆಟ್ಟದ್ದೇ ಮಧ್ಯಾಹ್ನದ ನಿದ್ದೆಯಿಂದ" ಎಂದು ಊರೂರಲ್ಲಿ ಭಾಷಣ ಬಿಗಿಯುವ ಮನುಷ್ಯ. ಹಿಂದೆ ಬಂದ ಒಂದು ಸಂಬಂಧದಲ್ಲಿ ಹುಡುಗಿಯ ಅಪ್ಪ ಮೂರು ಗಂಟೆಗೆ ಆಕಳಿಸಿದನೆಂದು ಚಹಾ ಕೂಡ ಕುಡಿಯದೆ ಎದ್ದು ಬಂದಿದ್ದರಂತೆ. ಆ ಮಹಾನುಭಾವರು ಹೆಂಡತಿಯ ಜೊತೆ ಅವತ್ತು ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು.

"ಪಪ್ಪಾ, ನನ್ನ ಮದುವೆ ನಿನ್ನ ಕಣ್ಣಿನ ರೆಪ್ಪೆ ಮೇಲೆ ನಿಂತಿದೆ," ಎಂದಳು ಲವೀನಾ.

"ಹೆದರಬೇಡ ಮಗಳೇ! ಉಂಡ ಕೂಡಲೇ ಎಲ್ಲರನ್ನೂ ಮ್ಯೂಸಿಯಮ್ಮಿಗೆ ಕರಕೊಂಡು ಹೋಗ್ತೇನೆ. ನಡೆಯುವವನಿಗೆ ನಿದ್ದೆ ಎಲ್ಲಿಂದ ಬರಬೇಕು? ಮೇಲಿಂದ ಕಲೆ, ಸಂಸ್ಕೃತಿ!"

"ಹುಟ್ಟಿದಾಗಿನಿಂದ ಒಂದು ಸಲವಾದರೂ ಅದರೊಳಗೆ ಕಾಲಿಟ್ಟಿದ್ದೀಯಾ?" ಎಂದಳು ಪಿಯೆದಾದ್.

"ಹೊರಗಿನವರು ದುಡ್ಡು ಕೊಟ್ಟು ನೋಡ್ತಾರೆ ಅಂದ ಮೇಲೆ ಒಳಗೆ ಏನೋ ಇರಲೇಬೇಕು!"

ಪ್ರೊಫೆಸರ್ ಬಂದರು, ಉಂಡರು. ಅದೇನು ಊಟ ಅಂತೀರಿ! ಹಂದಿಮಾಂಸದ ಸೊರ್ಪೊತೆಲ್ ಮತ್ತೆ ಮತ್ತೆ ಹಾಕಿಸಿಕೊಂಡರು, ಅದಕ್ಕೆ ನೆಂಚಿಕೊಳ್ಳಲು ಪಿಯೆದಾದ್ ಬೇಯಿಸಿದ್ದ, ಇಡ್ಲಿಯಂಥ 'ಸಾನ್ನಾ'ಗಳ ಪಾತ್ರೆಯೇ ಖಾಲಿ. ಬಾಯಿ ತುಂಬ ತುತ್ತು, ತುತ್ತಿನ ಸಂದಿಯಿಂದ ನಿದ್ದೆಯ ವಿರುದ್ಧ ಉಪನ್ಯಾಸ. ಅವರ ಹೆಂಡತಿ ಎಫಿಜೀನಿಯಾಬಾಯಿ ಮಾತ್ರ ತುಟಿ ಬಿಚ್ಚದೆ ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದರು.

ಮ್ಯೂಸಿಯಂ ಅಂದರೆ ಪಕ್ಕದೂರಿನ ಹಳೇ ಜಮೀನ್ದಾರರ ಬಂಗಲೆ. ಅಡಿಗೆಮನೆಯಲ್ಲಿ ಅಡಿಗೆಯವಳ ಪ್ಲಾಸ್ಟರ್ ಗೊಂಬೆ, ಒಲೆ ಮುಂದೆ ಪಾವ್ ಬ್ರೆಡ್ಡು ಸುಡುವವನ ಗೊಂಬೆ, ಪ್ರಾರ್ಥನೆ ಕೋಣೆಯಲ್ಲಿ ಪಾದ್ರಿ ಗೊಂಬೆ. ಗೋಡೆ ತುಂಬ ಮೀಸೆ ಯಜಮಾನರ ತೈಲಚಿತ್ರಗಳು. ಒಬ್ಬೊಬ್ಬರೂ ಈಗಷ್ಟೇ ನಿದ್ದೆಯಿಂದ ಎದ್ದು ಬಂದ ಹಾಗಿದ್ದರು. ನನಗೆ ಹೊಟ್ಟೆಕಿಚ್ಚಾಯಿತು!

"ಗೈಡಿನ ಗಲಾಟೆ ನನಗೆ ಆಗೋದಿಲ್ಲ. ನಾನು ಒಬ್ಬನೇ ಅಭ್ಯಾಸ ಮಾಡ್ತೇನೆ," ಎಂದು ಪ್ರೊಫೆಸರ್ ಗಂಭೀರವಾಗಿ ಮುಂದೆ ಹೋಗಿಬಿಟ್ಟರು. ನಾವು ಒಂದು ಬಸ್ಸು ತುಂಬ ಪ್ರವಾಸಿಗಳ ಜೊತೆ ಗೈಡ್ ಜುವೀಟಾಳ ಹಿಂದೆ ಹೊರಟೆವು. ಆ ಹುಡುಗಿಯ ದನಿಯೋ, ತೊಟ್ಟಿಲ ಪಕ್ಕ ನಿಂತು ಹಾಡಬೇಕಾದ ದನಿ! ಪಿಂಗಾಣಿ ತಟ್ಟೆಗಳ ಚರಿತ್ರೆ ಶುರುವಾಗುವಷ್ಟರಲ್ಲಿ ನನ್ನ ರೆಪ್ಪೆ ತಾನಾಗಿ ಇಳಿಯತೊಡಗಿತು. ಮೆಲ್ಲಗೆ ಗುಂಪಿನಿಂದ ಜಾರಿದೆ.

ಕೊನೆಯ ಕೋಣೆ ಮಲಗುವ ಕೋಣೆ. ಗಾಜಿನ ಬದಲು ಕಡಲ ಚಿಪ್ಪು ಕೂಡಿಸಿದ ಕಿಟಕಿಗಳಿಂದ ಹಾಲಿನಂಥ ಬೆಳಕು. ಒಂದು ಮೂಲೆಯಲ್ಲಿ ದಪ್ಪ ಪರದೆ ಇಳಿಬಿಟ್ಟ ದೊಡ್ಡ ಮಂಚ. ನಡುವೆ, ಕೆಂಪು ಹಗ್ಗದ ಆಚೆ, ಅದು! ಬೆತ್ತದ ಆರಾಮಕುರ್ಚಿ! ಕಾಲು ಚಾಚಲು ಉದ್ದನೆ ಕೈಗಳಿರುವ, ಥೇಟ್ ನನ್ನ ಅಜ್ಜನ ಕುರ್ಚಿ! ಅಜ್ಜನೇ ಕೈಚಾಚಿ ಕರೆದ ಹಾಗಾಯಿತು. ಹಿರಿಯರ ಮಾತು ಮೀರಬಾರದು ನೋಡಿ. ಐದೇ ನಿಮಿಷ ಎಂದುಕೊಂಡು ಹಗ್ಗ ದಾಟಿದೆ.

ಎಚ್ಚರವಾದದ್ದು ಜುವೀಟಾಳ ದನಿಗೆ. ಕಣ್ಣನ್ನು ಕೂದಲೆಳೆಯಷ್ಟು ತೆರೆದರೆ, ಅಯ್ಯೋ ದೇವರೇ, ಸುತ್ತಲೂ ಜನ, ಎಲ್ಲರ ಕೈಯಲ್ಲೂ ಮೊಬೈಲು!

"ಇದು... ಹೊಸದಾಗಿ ಇಟ್ಟ ಗೊಂಬೆ ಇರಬೇಕು," ಜುವೀಟಾ ಒಂದು ಕ್ಷಣ ತಡವರಿಸಿ ಸುಧಾರಿಸಿಕೊಂಡಳು. "ವಿಶ್ರಾಂತಿಯಲ್ಲಿರುವ ಜಮೀನ್ದಾರ."

"ಎಷ್ಟು ನೈಜವಾಗಿದೆ! ಕಿವಿಯ ಕೂದಲು ಕೂಡ ಬಿಟ್ಟಿಲ್ಲ ನೋಡಿ!" ಎಂದಳು ದಿಲ್ಲಿಯ ಹೆಂಗಸೊಬ್ಬಳು.

"ಹೊಟ್ಟೆ ಸ್ವಲ್ಪ ಅತಿಯಾಯ್ತು," ಎಂದ ಅವಳ ಗಂಡ. "ಕಲಾವಿದ ಕೈ ಬಿಗಿ ಹಿಡೀಬೇಕಿತ್ತು."

ಅವರ ಹಿಂದೆಯೇ ಲವೀನಾ, ಎಫಿಜೀನಿಯಾಬಾಯಿ ಮತ್ತು ನನ್ನ ಪಿಯೆದಾದ್! ಅಲುಗಾಡಿದರೆ ಮಗಳ ಮದುವೆ ಮಣ್ಣುಪಾಲು. ಉಸಿರು ಬಿಗಿಹಿಡಿದೆ. ಪಿಯೆದಾದ್ ನನ್ನನ್ನು ನೋಡಿದಳು, ಬೆಚ್ಚಿದಳು, ಪಕ್ಕದಲ್ಲಿದ್ದ ಭಾವೀ ಬೀಗಿತ್ತಿಯನ್ನು ನೋಡಿದಳು. ಅವರಿಗೆ ಗುಂಪಿನ ಸಂದಿಯಿಂದ ನನ್ನ ಹೊಟ್ಟೆಯಷ್ಟೇ ಕಾಣುತ್ತಿತ್ತೋ ಏನೋ, ಗುರುತು ಹಿಡಿದಿರಲಿಲ್ಲ. ಆಮೇಲೆ ಅವಳ ಮುಖದಲ್ಲಿ ಒಂದು ನಗು ಮೂಡಿತು. ಆ ನಗು ನನಗೆ ಗೊತ್ತು. ಸಿಕ್ಕ ಅವಕಾಶ ಬಿಡುವವಳಲ್ಲ ಅವಳು!

"ಆಗಿನ ಗಂಡಸರೆಲ್ಲ ಹೀಗೇ ಅಂತೆ," ಎಂದಳು ಜೋರಾಗಿ. "ಉಣ್ಣೋದು, ಕಾಲು ಮೇಲೆತ್ತೋದು. ಮಾಡು ಸೋರಲಿ, ಬಾವಿ ಪಂಪು ಕೆಡಲಿ, ಹೆಂಡತಿ ಗಂಟಲು ಹರಕೊಳ್ಳಲಿ, ಕಿವಿಗೇ ಹೋಗೋದಿಲ್ಲ. ಏನು ಮಾಡೋದು? ತಲೆ ತುಂಬ ಪ್ಲಾಸ್ಟರು!"

ಇಷ್ಟು ವರ್ಷದಲ್ಲಿ ಮೊದಲ ಸಲ ಎದುರುತ್ತರ ಕೊಡದೆ ಅವಳ ಮಾತು ಪೂರ್ತಿ ಕೇಳಿಸಿಕೊಂಡೆ. ಮೂಗಿನ ತುದಿಗೆ ನೊಣವೊಂದು ಬಂದು ಕೂತಿತು. ಅದನ್ನೂ ಸಹಿಸಿದೆ. ಅಷ್ಟರಲ್ಲಿ...

"ಘೊರ್‌ರ್‌ರ್‌..."

ಎಲ್ಲರೂ ನನ್ನತ್ತ ತಿರುಗಿದರು. ಪಿಯೆದಾದ್ ಹಲ್ಲು ಕಚ್ಚಿ "ಮುಚ್ಚು ಬಾಯಿ" ಎಂದು ಪಿಸುಗುಟ್ಟಿದಳು. ಲವೀನಾಳ ಕಣ್ಣಲ್ಲಿ ನೀರು. ಆದರೆ ನಾನು ಎಚ್ಚರವಾಗಿದ್ದೆ ಸ್ವಾಮೀ! ಜೀವಮಾನದಲ್ಲಿ ಎಷ್ಟೋ ಗೊರಕೆ ಹೊಡೆದಿದ್ದೇನೆ, ಒಪ್ಪುತ್ತೇನೆ. ಇದು ಮಾತ್ರ ನನ್ನದಲ್ಲ!

"ಘೊರ್‌ರ್‌ರ್‌ರ್‌..."

"ಒಳಗೆ ಯಂತ್ರ ಇಟ್ಟಿದ್ದಾರೆ ಅಂತ ಕಾಣ್ತದೆ," ಎಂದಳು ಜುವೀಟಾ. ಎಫಿಜೀನಿಯಾಬಾಯಿ ಮುಂದೆ ಬಂದು, ಬಗ್ಗಿ, ನನ್ನ ಮೂಗಿನ ಹತ್ತಿರವೇ ಕಿವಿ ತಂದರು. ಇನ್ನು ತಡೆಯಲಾಗಲಿಲ್ಲ. ಮಾಡಿದ ತಪ್ಪಿಗೆ ಬೈಸಿಕೊಳ್ಳಬಹುದು, ಮಾಡದ ಗೊರಕೆಗೆ?

"ಅದು ನಾನಲ್ಲ!" ಎಂದು ಚೀರುತ್ತಾ ನೆಗೆದೆ.

ದಿಲ್ಲಿಯವಳು ಕಿರುಚಿ ಮೊಬೈಲು ಎಸೆದಳು. ಅವಳ ಗಂಡ ಅವಳನ್ನೂ ಬಿಟ್ಟು ಹೊರಗೆ ಓಡಿದ. ಹಗ್ಗ ಕಾಲಿಗೆ ತೊಡರಿ ನಾನು ಬೀಗಿತ್ತಿಯ ಪಾದಕ್ಕೇ ಬಿದ್ದೆ. "ಮುಗೀತು," ಎಂದು ಲವೀನಾ ನೆಲದ ಮೇಲೆ ಕುಸಿದಳು. ಆಗ, ಮೂಲೆಯ ಮಂಚದಿಂದ, ನಿರಾತಂಕವಾಗಿ:

"ಘೊರ್‌ರ್‌ರ್‌..."

ಎಫಿಜೀನಿಯಾಬಾಯಿ ಹೋಗಿ ಪರದೆ ಸರಿಸಿದರು. ಪ್ರೊಫೆಸರ್! ಬೂಟು ಮಂಚದ ಕೆಳಗೆ ಜೋಡಿಸಿಟ್ಟು, ಕನ್ನಡಕ ಮಡಚಿ, ಕಣ್ಣಿನ ಮೇಲೆ ಕರವಸ್ತ್ರ ಹೊದ್ದು ಮಲಗಿದ್ದರು. ನುರಿತ ಕೈ ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಏಳಿ, ನಾಲ್ಕಾಯ್ತು."

ಕರವಸ್ತ್ರದ ಅಡಿಯಿಂದ ಉತ್ತರ ಬಂತು: "ಚಹಾ ಆಯ್ತಾ?"

ಬೀಗಿತ್ತಿ ನಮ್ಮತ್ತ ತಿರುಗಿದರು. "ದಿನಾ ಇದೇ ಕಥೆ. ಆ ಭಾಷಣಗಳನ್ನೆಲ್ಲ ಬರೆಯೋದು ನಾನು, ಇವರು ಮಲಗಿರುವಾಗ."

"ಮತ್ತೆ ಆಕಳಿಸಿದವರ ಸಂಬಂಧ ಬೇಡ ಅಂದದ್ದು?" ಎಂದಳು ಪಿಯೆದಾದ್.

"ಅವರು ಆಕಳಿಸಿದ್ದು ನೋಡಿ ಇವರಿಗೂ ಬಂತು. ಮರ್ಯಾದೆ ಉಳಿಸ್ಕೊಳ್ಳೋಕೆ ಎದ್ದು ಓಡಿಬಂದರು!" ಎಂದು ಅವರು ಲವೀನಾಳ ಕೈ ಹಿಡಿದು ಎಬ್ಬಿಸಿದರು. "ಏಳು ಮಗಳೇ. ಮುಂದಿನ ತಿಂಗಳು ಮಗ ರಜೆಗೆ ಬಂದ ಕೂಡಲೇ ಮದುವೆ."

ಮನೆಗೆ ಬರುವಾಗ ನಾನು ಎದೆ ಸೆಟೆಸಿ ನಡೆದೆ. "ನೋಡಿದೆಯಾ ಪಿಯೆದಾದ್! ಕೊನೆಗೂ ಗೆದ್ದದ್ದು ಯಾರು? ಪ್ರೊಫೆಸರ್ ಗೊರಕೆ ಹೊಡೀತಿದ್ದರು, ನಾನು ಎಚ್ಚರವಾಗಿದ್ದೆ!"

"ಹೌದು ಮಾರಾಯಾ," ಎಂದಳು ಅವಳು. "ಅವರು ಮಲಗಿದ್ದರೂ ಮನುಷ್ಯ ಅಂತ ಗೊತ್ತಾಯ್ತು. ನೀನು ಎಚ್ಚರವಾಗಿದ್ದರೂ ಬಸ್ಸು ತುಂಬ ಜನ ಗೊಂಬೆ ಅಂತಲೇ ನಂಬಿದರಲ್ಲ!"