ನವ್ಯಚಿತ್ರವೂ ನನ್ನ ಬಂಗುಡೆಯೂ

ಹಿರಿಯಡ್ಕದಲ್ಲಿ ಪೈಂಟಿನ ಅಂಗಡಿ ಇಟ್ಟು ಊರಿನವರ ಗೋಡೆಗೆಲ್ಲ ಬಣ್ಣ ಹೊಂದಿಸಿಕೊಡುವವನು ನಾನು. ನನ್ನ ಮನೆಯ ಗೋಡೆಗೇ ಬಣ್ಣವಿಲ್ಲದ, ಬರೀ ಕಪ್ಪು ಶಾಯಿಯ ಚಿತ್ರವೊಂದು ಬಂದು ತೂಗಿತು. ಬರೆದವನು ಹೆಂಡತಿ ಕುಶಲಾಳ ತಮ್ಮ ಹರ್ಷಿತ್. ಮಣಿಪಾಲದಲ್ಲಿ ಕೋಣೆ ಮಾಡಿಕೊಂಡು, ಯಾವ ಸಂಪ್ರದಾಯಕ್ಕೂ ಸೇರದ ಚಿತ್ರ ಬರೆಯುವವನು. (ಯಾವ ಕೆಲಸಕ್ಕೂ ಸೇರದವನು ಎಂದು ನಾನು ಹೇಳಲಿಲ್ಲ, ನೀವು ಹಾಗೆ ಓದಿಕೊಂಡರೆ ನನ್ನದೇನೂ ಅಡ್ಡಿಯಿಲ್ಲ.)

ಚೌಕದೊಳಗೆ ಚೌಕ, ನಡುವೆ ನುಲಿದುಕೊಂಡ ಉದ್ದುದ್ದ ಮೈಗಳು, ಅಲ್ಲಲ್ಲಿ ರೆಪ್ಪೆಯಿಲ್ಲದ ಕಣ್ಣು. ನಾನು ಟಿ.ವಿ. ನೋಡಿದರೆ ಅವು ನನ್ನನ್ನು ನೋಡುತ್ತಿದ್ದವು. ತೆಗೆ ಎಂದರೆ ತವರಿನ ಮಾನದ ಪ್ರಶ್ನೆ. ಹಾಗಾಗಿ ಒಂದು ದಿನ, ಹಳೇ ಸ್ಟಾಕು ದಾಟಿಸುವಾಗಿನ ಗಂಭೀರ ಧ್ವನಿಯಲ್ಲಿ ವ್ಯಾಖ್ಯಾನಕ್ಕೆ ಇಳಿದೆ.

"ಕುಶಲಾ, ಸರಿಯಾಗಿ ನೋಡು. ನಾಗನ ಪೂಜೆಗೆ ನೆಲದಲ್ಲಿ ಬರೆಯುವ ನಾಗಮಂಡಲದ ಹಾಗೆಯೇ ಉಂಟು. ಚೌಕ, ಗಂಟು, ಹೆಡೆ, ಎಲ್ಲ ಉಂಟು. ಮೀನು ಬೇಯಿಸುವ ಮನೆಯಲ್ಲಿ ಇಂಥದ್ದು ಇಡಬಹುದಾ?"

ಬಹಳ ಹೊತ್ತು ನೋಡಿದಳು. ಕೈ ಮುಗಿದಳು. "ನೀವು ಹೇಳಿದ್ದು ಸರಿ" ಎಂದಳು. ಮದುವೆಯಾದ ಮೇಲೆ ಈ ಮಾತು ಕೇಳಿದ್ದು ಅದೇ ಮೊದಲು. ನಾನು ಆಗಲೇ ಎಚ್ಚರವಾಗಬೇಕಿತ್ತು.

ಚಿತ್ರ ಹೋಗಲಿಲ್ಲ. ಮೀನು ಹೋಯಿತು.

ಮೀನು ಬೇಯಿಸುವ ಮಣ್ಣಿನ ಪಾತ್ರೆ ಪಕ್ಕದ ಮನೆಯ ಡುಲ್ಸಿನ್ ಬಾಯಿಗೆ ದಾನವಾಯಿತು. ನಮ್ಮಲ್ಲಿ ಸೌತೆ, ಹರಿವೆ, ಬಸಳೆ. ಅವರ ಕಿಟಕಿಯಿಂದ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಪರಿಮಳ. ಅದು ನಾಗನಲ್ಲ, ಬರೀ ಗೆರೆ ಎಂದು ನನ್ನ ವ್ಯಾಖ್ಯಾನಕ್ಕೆ ನಾನೇ ತಿದ್ದುಪಡಿ ತಂದೆ. ಒಮ್ಮೆ ಬಾಯಿಬಿಟ್ಟು ನಾಗ ಎಂದು, ಈಗ ಗೆರೆ ಎಂದರೆ ದೋಷವಂತೆ.

ಕೊನೆಗೆ ಫೋನು ಮಾಡಿ ಕಲಾವಿದನನ್ನೇ ಸಾಕ್ಷಿಗೆ ಕರೆಸಿದೆ. ಊಟಕ್ಕೆ ಕುಳಿತವನನ್ನು ಅಕ್ಕನೆದುರೇ ಕೇಳಿದೆ.

"ನಾಗನೂ ಅಲ್ಲ ಎಂತದೂ ಅಲ್ಲ ಭಾವ. ಕಾಪುವಿನಲ್ಲಿ ಬಲೆ ಎಳೆಯುವಾಗ ಕಂಡದ್ದು. ಚೌಕ ಬಲೆ, ಒಳಗಿರುವುದು ಬಂಗುಡೆ."

ನನಗೆ ಮೂಗಿನವರೆಗೆ ಪುಳಿಮುಂಚಿ ಬಂತು. ಅವನು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಲಾವಿದ.

"ಆದರೆ ಬರೆದವನ ಅರ್ಥಕ್ಕೆ ಬೆಲೆಯಿಲ್ಲ. ನೋಡಿದವರಿಗೆ ಕಂಡದ್ದೇ ಚಿತ್ರದ ಅರ್ಥ."

"ಅಲ್ವಾ? ನೋಡಿ ಹೇಳಿದ್ದು ನಿನ್ನ ಭಾವನೇ," ಎಂದು ಕುಶಲಾ ಅವನಿಗೆ ಇನ್ನೊಂದು ಸೌಟು ಬಸಳೆ ಬಡಿಸಿದಳು. ಆಮೇಲೆ ನನ್ನ ಕಡೆ ನೋಡದೆಯೇ, "ಅಂಗಡಿಗೂ ಒಂದು ಬರೆದುಕೊಡು ಮಾರಾಯ. ಮಧ್ಯಾಹ್ನ ಶಟರ್ ಎಳೆದು ಇವರು ಒಳಗೆ ಮೀನಿನ ಪಾರ್ಸೆಲ್ ಬಿಚ್ಚುವುದು ಉಂಟು" ಎಂದಳು.

ಮರುದಿನ ಅಂಗಡಿಯ ಗೋಡೆಯ ಅಳತೆ ತೆಗೆದುಕೊಟ್ಟವನು ನಾನೇ.