ಚಾವಿ ತಿರುವಿದರೆ ಕುರ್ರ್ ಕುರ್ರ್

ನಾಚಾರಂನಲ್ಲಿ ಹಳೇ ಕಾರು ರಿಪೇರಿ ಮಾಡುತ್ತ ನನಗೆ ಇಪ್ಪತ್ತೆರಡು ವರ್ಷವಾಯಿತು. ಗಾಡಿಗೆ ಬರುವ ರೋಗ ನಾಲ್ಕೈದೇ. ಗಾಡಿ ತರುವ ಜನರಿಂದಾಗಿ ಮಾತ್ರ ಒಂದು ವಾರವೂ ನಗದೆ ಕಳೆದದ್ದಿಲ್ಲ.

ಫೋನಿನೊಳಗಿನ ಇಂಜಿನ್

ಅಮೀರ್‌ಪೇಟೆಯ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳುವ ಮಾಸ್ತರರೊಬ್ಬರು ಫೋನ್ ಮಾಡಿದರು. "ಗಾಡಿ ಚಾಲೂ ಆಗವಲ್ದು."

"ಚಾವಿ ತಿರುವಿದ್ರ ಹೆಂಗ ಸಪ್ಪಳ ಬರ್ತೈತ್ರಿ?"

ಮಾಸ್ತರರು ಗಂಟಲು ಸರಿಮಾಡಿಕೊಂಡು, "ಕುರ್ರ್... ಕುರ್ರ್... ಕುರ್ರ್..." ಎಂದು ಮನಸಾರೆ ಮಾಡಿ ತೋರಿಸಿದರು. ಪಾಠದ ನಡುವೆಯೇ ಫೋನ್ ಹಚ್ಚಿದ್ದರಂತೆ. ಹಿಂದಿನಿಂದ ಇಡೀ ಕ್ಲಾಸು ತೆಲುಗಿನಲ್ಲಿ ಕೂಗಿತು: "ಸರ್, ಇನ್ನೊಮ್ಮೆ ತಿರುವಿ ನೋಡಿ!"

ಪಂಪಿನ ಸಪ್ಪಳ

ನಿವೃತ್ತ ಸಾಹೇಬರೊಬ್ಬರ ಗಾಡಿಗೆ ಪೆಟ್ರೋಲ್ ಏರುತ್ತಿರಲಿಲ್ಲ. ಪೆಟ್ರೋಲ್ ಎತ್ತುವ ಪಂಪು ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗೆ ಇರುತ್ತದೆ. ಚಾವಿ ತಿರುವಿದ ಕೂಡಲೇ ಎರಡು ಸೆಕೆಂಡು ಗುಂಯ್ ಎನ್ನಬೇಕು.

"ಸೀಟಿಗೆ ಕಿವಿ ಹಚ್ಚಿ ಕೇಳ್ರಿ," ಎಂದೆ. ಸಾಹೇಬರು ಸೀಟಿನ ಮೇಲೆ ಅಡ್ಡಾದರು. ಚಾವಿ ತಿರುವಿದೆ.

"ಬಂತೇನ್ರಿ?"

ಸಪ್ಪಳ ಬಂದಿಲ್ಲವೆಂದೇ ತಿಳಿದೆ. ಬಾನೆಟ್ ಎತ್ತಿ ಪಂಪಿಗೆ ಹೋಗುವ ವೈರು ಬಿಚ್ಚಿ, ಉಜ್ಜಿ, ಮತ್ತೆ ಹಾಕಿ ತಿರುವಿದೆ. ಸಪ್ಪಳ ಬಂತು. ಆದರೆ ಎರಡು ಸೆಕೆಂಡಿಗೆ ನಿಲ್ಲಲಿಲ್ಲ. ಹೊರಳಿ ನೋಡಿದರೆ ಸಾಹೇಬರು ಗೊರಕೆ ಹೊಡೆಯುತ್ತಿದ್ದರು.

ಮಾವನ ಮನೆ ಗೇಟು

ನಮ್ಮ ಓಣಿಯ ಬಟ್ಟೆ ವ್ಯಾಪಾರಿಯದು ಬೇರೆಯೇ ತ್ರಾಸು. ರವಿವಾರ ಹೆಂಡತಿಯನ್ನು ಕರಕೊಂಡು ಹಿಮಾಯತ್‌ನಗರದ ಮಾವನ ಮನೆಗೆ ಹೊರಟರೆ, ಗಾಡಿ ಸರಿಯಾಗಿ ಅವರ ಗೇಟಿನ ಮುಂದೆಯೇ ಬಂದ್ ಬೀಳುತ್ತಿತ್ತು. ಒಂದು ತಾಸು ಬಿಟ್ಟರೆ ತಾನೇ ಚಾಲೂ.

"ಯಾರೋ ಮಾಟ ಮಾಡಿಸ್ಯಾರ್ರಿ," ಎಂದರು.

ಅರ್ಧ ತಾಸು ಓಡಿಸಿ ನೋಡಿದೆ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾದರೆ ಸಾಯುತ್ತಿತ್ತು, ತಣ್ಣಗಾದರೆ ಬದುಕುತ್ತಿತ್ತು. ಮಾವನ ಮನೆಯೂ ಅರ್ಧ ತಾಸಿನ ದಾರಿಯೇ. ಹೊಸ ಕಾಯಿಲ್ ಹಾಕಿದೆ. ಕೈ ಮುಗಿದು ಹೋದರು.

ಸೋಮವಾರ ಅವರ ಹೆಂಡತಿ ಬಂದರು. ಮುಖ ಗಂಟಿಕ್ಕಿತ್ತು.

"ಮತ್ತ ನಿಂತಿತೇನ್ರಿ ವೈನಿ?"

"ನಿಲ್ಲವಲ್ದು, ಅದೇ ತ್ರಾಸ ಆಗೈತಿ. ಮೊದಲೆಲ್ಲಾ ನಮ್ಮ ಮನಿಯವ್ರು ಗಾಡಿ ತಣ್ಣಗಾಗೂತನಕ ಒಳಗ ಬಂದು, ಊಟ ಮಾಡಿ, ನಮ್ಮಪ್ಪನ ಜೋಡಿ ಮಾತಾಡ್ತಿದ್ರು. ನಿನ್ನೆ ನನ್ನನ್ನ ಗೇಟಿಗೆ ಇಳಿಸಿ, ಗಾಡಿ ಬಂದ್ ಸೈತ ಮಾಡದ ಹೊಂಟ್ಹೋದ್ರು."

ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು.

"ಅಣ್ಣಾರ, ಆ ಹಳೇ ಕಾಯಿಲ್ ಒಗದಿಲ್ಲ ಹೌದಲ್ರಿ?"